ಆರೋಗ್ಯ ಕೇಂದ್ರ ಎಲ್ಲಿ ಕಟ್ಟಬೇಕು? ‘ನಡುಮಧ್ಯ’ ಎಂಬ ಮಾತಿನ ಲೆಕ್ಕ

ಹೊಸ ಆರೋಗ್ಯ ಕೇಂದ್ರ ಮಂಜೂರಾಯಿತು ಎಂಬ ಸುದ್ದಿ ಬಂದ ಮಾರನೆಯ ದಿನವೇ ಊರಿನಲ್ಲಿ ಎರಡು ಪಕ್ಷ ಹುಟ್ಟುತ್ತವೆ. ಹಳೆಯ ಪೇಟೆಯವರು ‘ಈಗಿರುವ ಜಾಗದಲ್ಲೇ ಕಟ್ಟಿ, ಜನಕ್ಕೆ ರೂಢಿಯಾಗಿದೆ’ ಎನ್ನುತ್ತಾರೆ. ಇನ್ನೊಂದು ಪಕ್ಷದವರು ‘ಊರಾಚೆ ವಿಶಾಲವಾದ ಜಾಗವಿದೆ, ಅದೂ ಪುಕ್ಕಟೆ’ ಎನ್ನುತ್ತಾರೆ. ಜಗಳ ಜೋರಾದಾಗ ಹಿರಿಯರೊಬ್ಬರು ಎದ್ದು ‘ಯಾರಿಗೂ ಬೇಡ, ಎಲ್ಲರಿಗೂ ನಡುಮಧ್ಯ ಆಗುವ ಕಡೆ ಕಟ್ಟಲಿ’ ಎಂದು ರಾಜಿ ಮಾಡಿಸುತ್ತಾರೆ. ಚಪ್ಪಾಳೆ ಬೀಳುತ್ತದೆ. ಮೂರರಲ್ಲಿ ಹೆಚ್ಚು ದಾರಿ ತಪ್ಪಿಸುವ ಸಲಹೆ ಇದೇ. ನಡುಮಧ್ಯ ಎನ್ನುವ ಜಾಗ ಒಂದೇ ಒಂದಲ್ಲ. ಯಾರನ್ನು ಎಣಿಸುತ್ತೀರಿ, ಏನನ್ನು ಎಣಿಸುತ್ತೀರಿ ಎಂಬುದರ ಮೇಲೆ ಅದು ಕಿಲೋಮೀಟರುಗಟ್ಟಲೆ ಸರಿದಾಡುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಕಾಗದ, ಪೆನ್ಸಿಲ್ ಸಾಕು.

ಒಂದೇ ರಸ್ತೆಯ ಮೇಲೆ ನಾಲ್ಕು ವಸತಿಗಳಿವೆ ಎಂದುಕೊಳ್ಳಿ. ರಸ್ತೆ ಶುರುವಾಗುವಲ್ಲಿ, ಅಂದರೆ 0 ಕಿ.ಮೀ.ಯಲ್ಲಿ, 4000 ಜನರ ಪೇಟೆ. 2ನೇ ಕಿ.ಮೀ.ಯಲ್ಲಿ 3000 ಜನ, 5ನೇ ಕಿ.ಮೀ.ಯಲ್ಲಿ 2000, ಕೊನೆಗೆ 12ನೇ ಕಿ.ಮೀ.ಯಲ್ಲಿ 1000. ಒಟ್ಟು 10,000.

ರಸ್ತೆಯ ಉದ್ದ ನೋಡಿ ನಡುವೆ ಗುರುತು ಹಾಕಿದರೆ 6ನೇ ಕಿ.ಮೀ. ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದ ನಡುಮಧ್ಯ ಇದೇ. ಅಲ್ಲಿ ಯಾರೂ ವಾಸವಿಲ್ಲ. ಪ್ರತಿಯೊಬ್ಬರೂ ಒಮ್ಮೆ ಬರಬೇಕಾದ ದೂರವನ್ನು ಕೂಡಿಸಿ ಭಾಗಿಸಿದರೆ ತಲಾ 4.4 ಕಿ.ಮೀ. ಆಗುತ್ತದೆ.

ಜನಸಂಖ್ಯೆಯನ್ನು ತೂಕವಾಗಿಟ್ಟು ಸರಾಸರಿ ತೆಗೆದರೆ 2.8ನೇ ಕಿ.ಮೀ. ಇದೂ ಬಟಾಬಯಲು. ತಲಾ ದೂರ 2.72 ಕಿ.ಮೀ.

ಸರಾಸರಿಯ ಬದಲು ಮಧ್ಯಾಂಕ ಹಿಡಿಯಿರಿ. ಪೇಟೆಯ ಕಡೆಯಿಂದ ಜನರನ್ನು ಎಣಿಸುತ್ತ ಹೋದರೆ ಒಟ್ಟು ಜನಸಂಖ್ಯೆಯ ಅರ್ಧ, ಅಂದರೆ 5000, ಎಲ್ಲಿ ಸಿಗುತ್ತಾರೆ? 2ನೇ ಕಿ.ಮೀ.ಯ ವಸತಿಯಲ್ಲಿ. ಅಲ್ಲಿ ಕಟ್ಟಿದರೆ ತಲಾ ದೂರ 2.4 ಕಿ.ಮೀ. ಒಟ್ಟು ಪ್ರಯಾಣ ಇದಕ್ಕಿಂತ ಕಡಿಮೆಯಾಗುವ ಜಾಗ ಈ ರಸ್ತೆಯ ಮೇಲೆ ಇನ್ನೊಂದಿಲ್ಲ. ಕವಲುದಾರಿಗಳಿರುವ ರಸ್ತೆಜಾಲಕ್ಕೂ ಇದೇ ನಿಯಮ ಅನ್ವಯಿಸುತ್ತದೆ ಎಂದು ಸಂಶೋಧಕ ಎಸ್. ಎಲ್. ಹಕೀಮಿ 1964ರಲ್ಲಿ ಗಣಿತದಿಂದ ತೋರಿಸಿದರು: ಒಟ್ಟು ದೂರ ಕನಿಷ್ಠವಾಗುವ ಬಿಂದು ಬೇಕೆಂದರೆ ವಸತಿಗಳನ್ನೂ ಕೂಡುರಸ್ತೆಗಳನ್ನೂ ತಾಳೆ ನೋಡಿದರೆ ಸಾಕು, ಎರಡು ಊರುಗಳ ನಡುವಿನ ಬಯಲನ್ನು ಅಳೆಯುತ್ತ ಕೂರಬೇಕಾಗಿಲ್ಲ. ರಾಜಿಗೆಂದು ಹುಡುಕಿದ ‘ಯಾರಿಗೂ ಸೇರದ ನಡುವಿನ ಜಾಗ’ ಒಟ್ಟು ನಡಿಗೆಯ ಲೆಕ್ಕದಲ್ಲಿ ಕೆಲವು ವಸತಿಗಳಿಗಿಂತ ಮೇಲಾಗಬಹುದು, ಆದರೆ ಅತ್ಯುತ್ತಮ ವಸತಿಯನ್ನೋ ಕೂಡುರಸ್ತೆಯನ್ನೋ ಎಂದೂ ಮೀರಿಸುವುದಿಲ್ಲ.

ಇಲ್ಲಿಗೆ ಮುಗಿಯಿತೆಂದು ಎದ್ದು ಹೋಗಬೇಡಿ. ಈ ಲೆಕ್ಕ ಸ್ಕೂಟರು, ಕಾರು ಇರುವವರನ್ನೂ ಏನೂ ಇಲ್ಲದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದೆ. ಮನೆಯಲ್ಲಿ ಯಾವ ವಾಹನವೂ ಇಲ್ಲದವರನ್ನಷ್ಟೇ ಎಣಿಸಿ ನೋಡಿ. ಪೇಟೆಯಲ್ಲಿ 400, ಎರಡನೆಯ ವಸತಿಯಲ್ಲಿ 600, ಮೂರನೆಯದರಲ್ಲಿ 1200, ಕೊನೆಯದರಲ್ಲಿ 800 ಎಂದಿರಲಿ. ಒಟ್ಟು 3000, ಅರ್ಧ 1500. ಈಗ ಮಧ್ಯಾಂಕ 5ನೇ ಕಿ.ಮೀ.ಗೆ ಹಾರುತ್ತದೆ. ಕೇಂದ್ರ 2ನೇ ಕಿ.ಮೀ.ಯಲ್ಲಿದ್ದರೆ ಇವರು ಹೋಗುವಾಗ ತಲಾ 4.13 ಕಿ.ಮೀ. ನಡೆಯಬೇಕು, 5ನೇ ಕಿ.ಮೀ.ಯಲ್ಲಿದ್ದರೆ 3.13. ಹೋಗಿ ಬರುವುದು ಸೇರಿ ಎರಡು ಕಿಲೋಮೀಟರು ಉಳಿಯುತ್ತದೆ, ಅದೂ ನಡೆದೇ ಬರಬೇಕಾದವರಿಗೆ. ವಾಹನವಿದ್ದವರಿಗೆ ಅದೇ ಮೂರು ಕಿ.ಮೀ. ಹೆಚ್ಚಾದರೆ ಹೋಗುವುದು ಐದಾರು ನಿಮಿಷ. ನಮ್ಮ ಮಟ್ಟಿಗೆ ಚರ್ಚೆ ಶುರುವಾಗಬೇಕಾದದ್ದು ಈ ನಾಲ್ಕನೆಯ ಲೆಕ್ಕದಿಂದ.

ಐದನೆಯದೂ ಒಂದಿದೆ, ಅಧಿಕಾರಿಗಳಿಗೆ ತುಂಬ ಪ್ರಿಯವಾದದ್ದು: ಹಾಲಿ ಹೊರರೋಗಿ ರಿಜಿಸ್ಟರ್. ಹಳೆಯ ಕೇಂದ್ರ ಪೇಟೆಯಲ್ಲಿದೆ ಎಂದುಕೊಳ್ಳಿ. ವರ್ಷಕ್ಕೆ ಪೇಟೆಯಿಂದ 12,000 ಭೇಟಿ, ಎರಡನೆಯ ವಸತಿಯಿಂದ 6000, ಮೂರನೆಯದರಿಂದ 2400, ಕೊನೆಯದರಿಂದ 600. ಈ ಅಂಕಿಗಳನ್ನು ತೂಕವಾಗಿಟ್ಟರೆ ಮಧ್ಯಾಂಕ ನೇರವಾಗಿ 0 ಕಿ.ಮೀ.ಗೆ, ಅಂದರೆ ಹಳೆಯ ಕಟ್ಟಡದ ಬಾಗಿಲಿಗೇ ಬಂದು ನಿಲ್ಲುತ್ತದೆ. ‘ರೋಗಿಗಳಲ್ಲಿ ಹೆಚ್ಚಿನವರು ಪೇಟೆಯವರೇ, ದಾಖಲೆಯೇ ಹೇಳುತ್ತದೆ’ ಎಂದು ಯಾರಾದರೂ ರಿಜಿಸ್ಟರ್ ಎತ್ತಿ ಹಿಡಿದರೆ ಭೇಟಿಗಳನ್ನು ಜನಸಂಖ್ಯೆಯಿಂದ ಭಾಗಿಸಿ ತೋರಿಸಿ. ಪೇಟೆಯವರು ವರ್ಷಕ್ಕೆ ತಲಾ 3 ಸಲ ಬಂದಿದ್ದಾರೆ, ಕೊನೆಯ ಊರಿನವರು 0.6 ಸಲ. ಆ ಊರಿನವರು ಐದು ಪಟ್ಟು ಗಟ್ಟಿಮುಟ್ಟಾಗಿದ್ದಾರೆ ಎಂದಲ್ಲ. ಬರಲಾಗದವರ ಹೆಸರು ರಿಜಿಸ್ಟರಿನಲ್ಲಿ ಬರುವುದೇ ಇಲ್ಲ. ಅಮೆರಿಕದ ಮ್ಯಾಸಚೂಸೆಟ್ಸಿನ ವೈದ್ಯ ಎಡ್ವರ್ಡ್ ಜಾರ್ವಿಸ್ ಮಾನಸಿಕ ಆಸ್ಪತ್ರೆಗಳ ದಾಖಲೆ ನೋಡಿ, ದೂರ ಹೆಚ್ಚಿದಂತೆ ಬಳಕೆ ಇಳಿಯುತ್ತದೆ ಎಂದು 1850ರಲ್ಲೇ ಬರೆದಿದ್ದರು. ಬೈಸಿಕಲ್ಲೂ ಇಲ್ಲದ ಕಾಲದ ಮಾತು ಅದು, ಇವತ್ತಿಗೂ ಸುಳ್ಳಾಗಿಲ್ಲ.

ಅಂದರೆ ಒಂದೇ ರಸ್ತೆ, ಅದೇ ನಾಲ್ಕು ಊರು. ಉತ್ತರ ಮಾತ್ರ 0, 2, 2.8, 5, 6. ಯಾವ ಪಕ್ಷದವರೂ ಸುಳ್ಳು ಲೆಕ್ಕ ಹೇಳಬೇಕಾಗಿಲ್ಲ, ತಮಗೆ ಅನುಕೂಲವಾದ ತೂಕವನ್ನು ಆರಿಸಿಕೊಂಡರೆ ಸಾಕು.

ರಿಜಿಸ್ಟರನ್ನು ಬಳಸಲೇಬಾರದು ಎಂದಲ್ಲ, ಬಳಸುವ ರೀತಿ ಬೇರೆ. ನಾಲ್ಕು ಋತುಗಳಿಂದ ಒಂದೊಂದು ಇಡೀ ವಾರ ಆರಿಸಿ. ಒಂದೇ ದಿನ ತೆಗೆದುಕೊಂಡರೆ ಸಂತೆಯ ದಿನವೋ ಲಸಿಕೆಯ ದಿನವೋ ಬಿದ್ದು ಲೆಕ್ಕ ಕೆಡುತ್ತದೆ. ಹೆಸರು ಬರೆದುಕೊಳ್ಳಬೇಡಿ, ಊರು, ವಯಸ್ಸು, ಬಂದ ಕಾರಣ ಇಷ್ಟೇ ಸಾಕು. ಪ್ರತಿ ವಸತಿಗೂ ಸಾವಿರ ಜನಕ್ಕೆ ಎಷ್ಟು ಭೇಟಿ ಎಂದು ತೆಗೆದು ದೂರದ ಎದುರು ಚುಕ್ಕಿ ಇಡಿ. ಗೆರೆ ಎಲ್ಲಿ ಧಡಕ್ಕನೆ ಕೆಳಗಿಳಿಯುತ್ತದೋ ಅಲ್ಲೊಂದು ಅಡ್ಡಿಯಿರುತ್ತದೆ: ಹೊಳೆ, ರೈಲು ಹಳಿ, ದಾಟಲಾಗದ ಹೆದ್ದಾರಿ, ಅಥವಾ ಬಸ್ ನಿಲ್ಲದ ತಿರುವು.

ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದನ್ನೂ ಬೇಗ ಬಿಟ್ಟುಬಿಡುವುದು ಒಳ್ಳೆಯದು. ನಕ್ಷೆಯ ಮೇಲೆ ಕೈವಾರದಿಂದ 5 ಕಿ.ಮೀ. ವೃತ್ತ ಎಳೆದು ‘ಇಷ್ಟೂ ಊರು ವ್ಯಾಪ್ತಿಗೆ ಬಂತು’ ಎಂದು ತೋರಿಸುವುದು ವಾಡಿಕೆ. ರಸ್ತೆಯ ದೂರ ಸಾಮಾನ್ಯವಾಗಿ ನೇರ ಗೆರೆಯ 1.2ರಿಂದ 1.4 ಪಟ್ಟು ಇರುತ್ತದೆ. ನಡುವೆ ಹೊಳೆ ಬಂದರೆ ಆ ಲೆಕ್ಕವೂ ಮುಗಿಯಿತು. ಆರೋಗ್ಯವಂತರು ಗಂಟೆಗೆ 4ರಿಂದ 5 ಕಿ.ಮೀ. ನಡೆಯುತ್ತಾರೆ. ಜ್ವರ ಬಂದವರು, ತುಂಬು ಗರ್ಭಿಣಿ, ಕಂಕುಳಲ್ಲಿ ಮಗು ಹೊತ್ತವರು 2.5 ನಡೆದರೆ ಹೆಚ್ಚು. ಆರೋಗ್ಯ ಕೇಂದ್ರಕ್ಕೆ ಹೋಗುವವರು ಎರಡನೆಯ ಗುಂಪಿನವರೇ ಅಲ್ಲವೆ? ಅವರಿಗೆ 5 ಕಿ.ಮೀ. ಎಂದರೆ ಎರಡು ಗಂಟೆ.

ಬಸ್ಸಿನದ್ದು ಇನ್ನೊಂದು ಕತೆ. ‘ಹದಿನೈದು ನಿಮಿಷದ ದಾರಿ’ ಎನ್ನುವಾಗ ಕಾಯುವ ಹೊತ್ತನ್ನು ಯಾರೂ ಸೇರಿಸುವುದಿಲ್ಲ. ಎರಡು ಗಂಟೆಗೊಂದು ಬಸ್ ಇದ್ದರೆ, ವೇಳೆ ಗೊತ್ತಿಲ್ಲದೆ ನಿಲ್ದಾಣಕ್ಕೆ ಬಂದವರು ಸರಾಸರಿ ಒಂದು ಗಂಟೆ ಕಾಯುತ್ತಾರೆ. ಹೋಗುವಾಗಲಾದರೂ ಬಸ್ಸಿನ ಸಮಯಕ್ಕೆ ಸರಿಯಾಗಿ ಮನೆಯಿಂದ ಹೊರಡಬಹುದು. ಬರುವಾಗ ಡಾಕ್ಟರು ಎಷ್ಟು ಹೊತ್ತಿಗೆ ನೋಡಿ ಕಳಿಸುತ್ತಾರೆ, ರಕ್ತಪರೀಕ್ಷೆಯ ವರದಿ ಯಾವಾಗ ಕೈಗೆ ಬರುತ್ತದೆ ಎಂಬುದು ರೋಗಿಯ ಕೈಯಲ್ಲಿಲ್ಲ. ಒಂದು ಬಸ್ ತಪ್ಪಿತೆಂದರೆ ಅರ್ಧ ದಿನದ ಕೂಲಿ ಹೋಯಿತು. ಹಾಗಾಗಿ ಪ್ರತಿ ಜಾಗಕ್ಕೂ ಮೂರು ಸಲ ಖುದ್ದಾಗಿ ಹೋಗಿ ಗಡಿಯಾರ ನೋಡಿಕೊಳ್ಳಬೇಕು: ಬೆಳಿಗ್ಗೆ ಬಸ್ಸಿನಲ್ಲಿ, ಮಳೆಗಾಲದಲ್ಲಿ ಕಾಲ್ನಡಿಗೆಯಲ್ಲಿ, ರಾತ್ರಿ ಹತ್ತರ ಮೇಲೆ ಆಂಬ್ಯುಲೆನ್ಸ್ ಬರುವ ದಾರಿಯಲ್ಲಿ. ಮನೆಯ ಬಾಗಿಲಿನಿಂದ ಹೊರಟು ಮತ್ತೆ ಮನೆ ಸೇರುವವರೆಗಿನ ಒಟ್ಟು ಸಮಯ ಬರೆದುಕೊಳ್ಳಿ. ಹೆದ್ದಾರಿಯ ಪಕ್ಕದ ಜಾಗವಾದರೆ ಊರಿನ ಕಡೆಯ ಬಸ್ ಯಾವ ಬದಿಗೆ ನಿಲ್ಲುತ್ತದೆ ನೋಡಿ. ಎದುರು ಬದಿಗೆ ನಿಂತರೆ ಪ್ರತಿಯೊಬ್ಬ ಮುದುಕರೂ ಹೋಗುವಾಗ ಅಥವಾ ಬರುವಾಗ ಒಮ್ಮೆ ಹೆದ್ದಾರಿ ದಾಟಲೇಬೇಕು.

ಇನ್ನು ಪುಕ್ಕಟೆ ಜಾಗದ ವಿಚಾರ. ದಾನ ಕೊಡುವವರ ಮನಸ್ಸು ದೊಡ್ಡದೇ ಇರಬಹುದು, ಆದರೂ ಮೊದಲು ಆ ಜಾಗ ಇಷ್ಟು ದಿನ ಏಕೆ ಖಾಲಿ ಉಳಿಯಿತು ಎಂದು ಕೇಳಬೇಕು. ತಗ್ಗು, ನೀರು ನಿಲ್ಲುವುದು, ದಾರಿಯಿಲ್ಲದಿರುವುದು, ವ್ಯಾಜ್ಯ ಈ ನಾಲ್ಕರಲ್ಲಿ ಒಂದು ಕಾರಣ ಸಾಮಾನ್ಯವಾಗಿ ಸಿಗುತ್ತದೆ.

ತಗ್ಗಿನ ಜಾಗದ ಲೆಕ್ಕ ನೋಡಿ. ಒಂದು ಎಕರೆ ಎಂದರೆ ಸುಮಾರು 4000 ಚದರ ಮೀಟರ್. ಅದನ್ನು ಒಂದು ಮೀಟರ್ ಎತ್ತರಿಸಲು 4000 ಘನ ಮೀಟರ್ ಗಟ್ಟಿಸಿದ ಮಣ್ಣು ಬೇಕು. ಸಡಿಲ ಮಣ್ಣು ರೋಲರ್ ಹೊಡೆದಾಗ ಐದನೇ ಒಂದರಷ್ಟು ಕುಗ್ಗುವುದರಿಂದ 5000 ಘನ ಮೀಟರ್ ತರಿಸಬೇಕು. 6 ಘನ ಮೀಟರ್ ಹಿಡಿಸುವ ಟಿಪ್ಪರಿನಲ್ಲಿ ಅದು 830 ಲೋಡಿನ ಮೇಲಾಯಿತು. ಇಷ್ಟು ಮಾಡಿದರೂ ಆ ಮಣ್ಣಿನ ಮೇಲೆ ಅಡಿಪಾಯ ನಿಲ್ಲಿಸುವಂತಿಲ್ಲ, ಅದನ್ನು ತೂರಿಕೊಂಡು ಮೂಲ ಗಟ್ಟಿ ನೆಲಕ್ಕೇ ಇಳಿಯಬೇಕು. ತುಂಬಿಸಿದ ಮಣ್ಣನ್ನು 20–30 ಸೆಂ.ಮೀ. ಪದರಗಳಲ್ಲಿ ನೀರು ಹಾಕಿ ಗಟ್ಟಿಸದೆ ಒಂದೇ ಸಲ ಸುರಿದರೆ ಎರಡು ಮಳೆಗಾಲದಲ್ಲಿ ನೆಲಹಾಸು ಕುಸಿಯುತ್ತದೆ, ಗೋಡೆಗೂ ನೆಲಕ್ಕೂ ನಡುವೆ ಬಿರುಕು ಬಿಡುತ್ತದೆ, ಹೊರಗೆ ಹೂತ ಕೊಳಾಯಿ ಕೀಲು ಬಿಟ್ಟುಕೊಳ್ಳುತ್ತದೆ. ಆಗ ಬೈಗುಳ ತಿನ್ನುವವನು ಗುತ್ತಿಗೆದಾರ. ಜಾಗ ಆರಿಸಿದವರನ್ನು ಯಾರೂ ಕೇಳುವುದಿಲ್ಲ.

‘ಮಣ್ಣು ತುಂಬಿಸುವುದು ಬೇಡ, ಪ್ಲಿಂತನ್ನೇ ಎತ್ತರಿಸೋಣ’ ಎಂಬ ಉಪಾಯ ಬರುತ್ತದೆ. ಪ್ಲಿಂತ್ ಎಂದರೆ ಕಟ್ಟಡ ನಿಲ್ಲುವ ಕಟ್ಟೆ. ಗಾಲಿಕುರ್ಚಿ, ಸ್ಟ್ರೆಚರ್ ಹೋಗುವ ಇಳಿಜಾರು 1:12ಕ್ಕಿಂತ, ಅಂದರೆ 12 ಮೀಟರ್ ಉದ್ದಕ್ಕೆ 1 ಮೀಟರ್ ಏರಿಕೆಗಿಂತ, ಕಡಿದಾಗಿರಬಾರದು. ಪ್ಲಿಂತ್ 45 ಸೆಂ.ಮೀ. ಇದ್ದರೆ 5.4 ಮೀಟರ್ ಉದ್ದದ ಇಳಿಜಾರು ಸಾಕು. 1.5 ಮೀಟರ್ ಇದ್ದರೆ 18 ಮೀಟರ್ ಬೇಕು, ಜೊತೆಗೆ ಪ್ರತಿ 75 ಸೆಂ.ಮೀ. ಏರಿಕೆಗೊಂದು 1.5 ಮೀಟರಿನ ಸಮತಟ್ಟು. ಸಣ್ಣ ನಿವೇಶನದ ಮುಂಭಾಗವೆಲ್ಲ ಇದಕ್ಕೇ ಹೋಗುತ್ತದೆ. ಕಟ್ಟುವಾಗ ಅದನ್ನು ಕಡಿದು 1:6 ಮಾಡುವುದೂ ಉಂಟು. ಅಂಥದರ ಮೇಲೆ ತುಂಬಿದ ಸ್ಟ್ರೆಚರನ್ನು ಇಬ್ಬರು ತಳ್ಳಿ ಹತ್ತಿಸಲು ಒಮ್ಮೆ ಪ್ರಯತ್ನಿಸಿ ನೋಡಬೇಕು. ನೆರೆಯ ಮಾತು ಬಂದಾಗ ಇನ್ನೊಂದು: ಕಟ್ಟಡ ಒಣಗಿದ್ದರೆ ಸಾಲದು. ಹಳ್ಳದ ಮೇಲಿನ ಸೇತುವೆ ಮುಳುಗಿದರೆ ಎತ್ತರದ ಕಟ್ಟಡ ದ್ವೀಪವಾಗುತ್ತದೆ. ಜಾಗದ ಮಟ್ಟದ ಜೊತೆಗೆ ದಾರಿಯ ಅತಿ ತಗ್ಗಿನ ಬಿಂದುವಿನ ಮಟ್ಟವನ್ನೂ ಸರ್ವೆಯಲ್ಲಿ ತೆಗೆಸಿ.

ದಾರಿಯದ್ದು ಕಾಗದಪತ್ರದ ತಕರಾರು. ದಾನಪತ್ರದಲ್ಲಿ ನಿವೇಶನದ ಚಕ್ಕುಬಂದಿ ಇರುತ್ತದೆ, ರಸ್ತೆಯಿಂದ ಅಲ್ಲಿಗೆ ಹೋಗುವ ಪಟ್ಟಿ ಮಾತ್ರ ದಾನಿಯ ಹೆಸರಿನಲ್ಲೇ ಉಳಿದಿರುತ್ತದೆ. ಮುಂದೆ ಮಕ್ಕಳ ಕಾಲಕ್ಕೆ ಅಲ್ಲೊಂದು ಬೇಲಿ ಏಳುತ್ತದೆ. ಎರಡು ವಾಹನ ಎದುರುಬದುರಾಗಲು 6 ಮೀಟರ್ ಅಗಲದ ದಾರಿ ಬೇಕು. ಅದೂ ನಿವೇಶನದ ಜೊತೆಗೇ ನೋಂದಣಿಯಾಗಬೇಕು. ಗೇಟಿನಲ್ಲಿ 4 ಮೀಟರ್ ತೆರಪು, ತಲೆಯ ಮೇಲೆ ತಂತಿ, ಕಮಾನು ಏನೇ ಇದ್ದರೂ 4.5 ಮೀಟರಿಗಿಂತ ಕೆಳಗೆ ಬೇಡ, ಅಗ್ನಿಶಾಮಕ ವಾಹನ ಒಳಗೆ ಬರಬೇಕಲ್ಲ. ‘ಇಂತಿಷ್ಟು ವರ್ಷದಲ್ಲಿ ಕಟ್ಟದಿದ್ದರೆ ಜಾಗ ವಾಪಸ್’ ಎಂಬ ಷರತ್ತು ಇದೆಯೋ ನೋಡಿ. ಅಕ್ಕಪಕ್ಕದ ಜಮೀನು ಯಾರದು ಎಂಬುದನ್ನೂ ಸಭೆಯಲ್ಲಿ ಬಾಯಿಬಿಟ್ಟು ಹೇಳಿಸುವುದು ಒಳಿತು. ಆರೋಗ್ಯ ಕೇಂದ್ರ ಬಂದ ಮೇಲೆ ಸುತ್ತಲಿನ ನಿವೇಶನದ ಬೆಲೆ ಏರುತ್ತದೆ. ಅದೇನೂ ಅಪರಾಧವಲ್ಲ, ಮುಚ್ಚಿಟ್ಟರೆ ಮಾತ್ರ ತೊಂದರೆ.

ನೆಲದಡಿ ಏನಿದೆ ಎಂದು ತಿಳಿಯಲು ಮೂರು ಗುಂಡಿ ತೋಡಿಸಿ: ಎದುರುಬದುರು ಮೂಲೆಗಳಲ್ಲಿ ಎರಡು, ಕಟ್ಟಡ ನಿಲ್ಲುವ ಕಡೆ ಒಂದು, 2ರಿಂದ 3 ಮೀಟರ್ ಆಳ. ಎರೆಮಣ್ಣು ಸಿಕ್ಕರೆ ಅಡಿಪಾಯದ ವಿನ್ಯಾಸವೇ ಬದಲಾಗುತ್ತದೆ, ಅದು ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುತ್ತದೆ. ಇಟ್ಟಿಗೆ ಚೂರು, ಪ್ಲಾಸ್ಟಿಕ್, ಕಪ್ಪು ಕೆಸರು ಸಿಕ್ಕರೆ ಅದು ಹಿಂದೆ ಕಸದ ಗುಂಡಿಯೋ ಕೆರೆಯೋ ಆಗಿತ್ತು ಎಂದರ್ಥ. ಒಳಚರಂಡಿ ಇಲ್ಲದ ಕಡೆ ಇಂಗುಗುಂಡಿಯೇ ಗತಿ, ಅದಕ್ಕೆ ನೆಲ ನೀರು ಕುಡಿಯಬೇಕು. ಇಂಗುಗುಂಡಿ ಬರುವ ಆಳದಲ್ಲಿ ಸಣ್ಣ ಕುಳಿ ತೋಡಿ, ಹಿಂದಿನ ರಾತ್ರಿಯೇ ನೀರು ತುಂಬಿ ನೆನೆಯಲು ಬಿಡಿ, ಮರುದಿನ ಮತ್ತೆ 15 ಸೆಂ.ಮೀ. ನೀರು ಹಾಕಿ ಇಳಿಕೆ ಅಳೆಯಿರಿ. 2.5 ಸೆಂ.ಮೀ. ಇಳಿಯಲು ಒಂದು ಗಂಟೆಗಿಂತ ಹೆಚ್ಚು ಹಿಡಿದರೆ ಅಲ್ಲಿ ಇಂಗುಗುಂಡಿ ನಡೆಯುವುದಿಲ್ಲ. ಗುಂಡಿಯ ತಳಕ್ಕೂ ಅಂತರ್ಜಲ ಮಟ್ಟಕ್ಕೂ ಕನಿಷ್ಠ 2 ಮೀಟರ್ ಅಂತರ ಬೇಕು, ಕುಡಿಯುವ ನೀರಿನ ಬಾವಿಯಿಂದ 30 ಮೀಟರ್ ದೂರವಿದ್ದರೆ ಒಳ್ಳೆಯದು. ಈ ಪರೀಕ್ಷೆಗಳನ್ನೆಲ್ಲ ಮಳೆಗಾಲದ ಕೊನೆಯಲ್ಲಿ ಮಾಡಿಸಬೇಕು. ಬೇಸಿಗೆಯಲ್ಲಿ ತೋಡಿದರೆ ಯಾವ ಜಾಗವಾದರೂ ಪಾಸಾಗುತ್ತದೆ.

ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಸುಲಭವಾಗಿದೆ: ಪ್ರತಿ ಹೊರರೋಗಿಗೆ 5 ಲೀಟರ್, ಒಳರೋಗಿಗೆ ದಿನಕ್ಕೆ 40ರಿಂದ 60, ಒಂದು ಹೆರಿಗೆಗೆ 100. ದಿನಕ್ಕೆ 100 ಹೊರರೋಗಿ, 6 ಹಾಸಿಗೆ, ಒಂದು ಹೆರಿಗೆ ಎಂದರೆ 960 ಲೀಟರ್‌ವರೆಗೆ ಬೇಕು. ಸಿಬ್ಬಂದಿ ಮನೆಗಳು, ತೋಟ ಇದಕ್ಕೆ ಸೇರಿಲ್ಲ. ಎರಡು ದಿನದ ಸಂಗ್ರಹವಾದರೂ ಇರಲಿ. ಕೊಳವೆಬಾವಿ ತೋಡುವ ಮುನ್ನವೇ ಜಾಗ ಒಪ್ಪಿಕೊಂಡು, ಆಮೇಲೆ ನೀರು ಬೀಳದೆ ಶಾಶ್ವತವಾಗಿ ಟ್ಯಾಂಕರ್ ನೆಚ್ಚಿಕೊಳ್ಳುವ ಕಟ್ಟಡಕ್ಕಿಂತ ಇಕ್ಕಟ್ಟಿನ ಹಳೆಯ ಕಟ್ಟಡವೇ ಮೇಲು. ವಿದ್ಯುತ್ತಿನ ವಿಷಯದಲ್ಲಿ ಟ್ರಾನ್ಸ್‌ಫಾರ್ಮರ್ ಎಷ್ಟು ದೂರ ಎಂದು ಕೇಳಿ. ಉದ್ದ ತಂತಿಯ ಕೊನೆಯಲ್ಲಿ ವೋಲ್ಟೇಜ್ ಬಿದ್ದರೆ ಮೊದಲು ತೊಂದರೆಯಾಗುವುದು 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಲಸಿಕೆಗೆ.

ಎಲ್ಲ ಪಟ್ಟಿಗಳಲ್ಲೂ ಬಿಟ್ಟುಹೋಗುವ ಒಂದು ಅಂಶವೆಂದರೆ ರಾತ್ರಿ. ಊರಿನಿಂದ ಎರಡು ಕಿ.ಮೀ. ಆಚೆ, ದೀಪವಿಲ್ಲದ ರಸ್ತೆಯ ಕೊನೆಯಲ್ಲಿ, ಅಕ್ಕಪಕ್ಕ ಮನೆಯಿಲ್ಲದ ಕಡೆ ಒಬ್ಬ ನರ್ಸಮ್ಮ ರಾತ್ರಿಪಾಳಿ ಮಾಡಬೇಕು. ಮಾಡುತ್ತಾರೆಯೇ? ಆದೇಶದಲ್ಲಿ ಇಪ್ಪತ್ನಾಲ್ಕು ಗಂಟೆ ಎಂದಿರುತ್ತದೆ, ಸಂಜೆ ಆರಕ್ಕೆ ಬೀಗ ಬಿದ್ದಿರುತ್ತದೆ. ತಾಯಂದಿರ ಸಾವಿಗೆ ಕಾರಣವಾಗುವ ತಡಗಳನ್ನು ಥೇಡಿಯಸ್ ಮತ್ತು ಮೇನ್ ಎಂಬ ಸಂಶೋಧಕರು 1994ರಲ್ಲಿ ಮೂರಾಗಿ ವಿಂಗಡಿಸಿದ್ದರು: ಹೋಗಬೇಕೆಂದು ತೀರ್ಮಾನಿಸುವಲ್ಲಿ ತಡ, ತಲುಪುವಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ಜಾಗದ ಚರ್ಚೆ ಎರಡನೆಯದರಲ್ಲೇ ಸಿಕ್ಕಿಕೊಳ್ಳುತ್ತದೆ. ಸಿಬ್ಬಂದಿ ನಿಲ್ಲದ ಜಾಗ ಮೂರನೆಯದನ್ನು ಹೆಚ್ಚಿಸುತ್ತದೆ, ‘ಹೋದರೂ ಯಾರೂ ಇರುವುದಿಲ್ಲ’ ಎಂಬ ಮಾತು ಹಬ್ಬಿದ ಮೇಲೆ ಮೊದಲನೆಯದೂ ಹೆಚ್ಚುತ್ತದೆ. ಸಿಬ್ಬಂದಿ ವಸತಿ ಅದೇ ಆವರಣದಲ್ಲಿ, ಕೇಂದ್ರದ ಜೊತೆಗೇ ಕಟ್ಟುವ ಅಂದಾಜುಪಟ್ಟಿ ಇಲ್ಲದಿದ್ದರೆ ಊರಾಚೆಯ ಜಾಗಕ್ಕೆ ಒಪ್ಪಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಸಭೆ ನಡೆಸುವ ಕ್ರಮಕ್ಕೆ ಬರೋಣ. ಪೇಟೆಯ ಸಭಾಭವನದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಪೇಟೆಯವರೇ ಬರುತ್ತಾರೆ. ವೇಲ್ಸ್‌ನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ, ಒಳ್ಳೆಯ ವೈದ್ಯಕೀಯ ಆರೈಕೆಯ ಲಭ್ಯತೆ ಜನರ ಅಗತ್ಯಕ್ಕೆ ವಿಲೋಮವಾಗಿರುತ್ತದೆ, ಅಂದರೆ ಅಗತ್ಯ ಹೆಚ್ಚಿರುವಲ್ಲಿ ಆರೈಕೆ ಕಡಿಮೆ ಸಿಗುತ್ತದೆ ಎಂದಿದ್ದರು. ಸಭೆಯಲ್ಲಿ ಸಿಗುವ ಮೈಕಿಗೂ ಆ ಮಾತು ಒಪ್ಪುತ್ತದೆ. ಅತಿ ದೂರದ ವಸತಿಯಲ್ಲಿ, ಸಂಜೆ, ಇನ್ನೊಂದು ಸಭೆ ಇಡಲೇಬೇಕು. ಹೆಂಗಸರನ್ನು ಪ್ರತ್ಯೇಕವಾಗಿ ಕೇಳಬೇಕು. ‘ಎಲ್ಲಿ ಕಟ್ಟಬೇಕು’ ಎಂದು ಕೇಳಿದರೆ ಎಲ್ಲರೂ ತಮ್ಮ ಮನೆಯ ಪಕ್ಕವೇ ತೋರಿಸುತ್ತಾರೆ. ‘ಕಳೆದ ಸಲ ಮಗುವಿಗೆ ಹುಷಾರಿಲ್ಲದಾಗ ಹೇಗೆ ಹೋದಿರಿ, ಎಷ್ಟು ಹೊತ್ತಾಯಿತು, ಎಷ್ಟು ಖರ್ಚಾಯಿತು’ ಎಂದು ಕೇಳಿ.

ಅಂಕ ಕೊಡುವ ಪಟ್ಟಿ ಮಾಡುವುದಾದರೆ ಎರಡು ಹಂತದಲ್ಲಿ ಮಾಡಿ. ಮೊದಲ ಹಂತದಲ್ಲಿ ಅಂಕವಿಲ್ಲ, ಹೌದು ಅಥವಾ ಇಲ್ಲ: ಹಕ್ಕು ಚೊಕ್ಕವಾಗಿದೆಯೇ, ದಾರಿ ನೋಂದಣಿಯಾಗಿದೆಯೇ, ನೆರೆ ಬಾರದ ಜಾಗವೇ, ನೀರು ಸಿಕ್ಕಿದೆಯೇ, ಮುಂದೆ ವಿಸ್ತರಿಸಲು ಜಾಗ ಉಳಿಯುತ್ತದೆಯೇ. ಒಂದರಲ್ಲಿ ಬಿದ್ದರೂ ಆ ಜಾಗ ಹೊರಗೆ. ಇವಕ್ಕೂ ಅಂಕ ಕೊಡಹೋದರೆ ನೆರೆಯಲ್ಲಿ ಮುಳುಗುವ ಜಾಗ ‘ವಿಶಾಲ’ ಎಂಬ ಅಂಕದಿಂದ ಗೆದ್ದುಬಿಡುತ್ತದೆ. ಉಳಿದ ಜಾಗಗಳಿಗೆ ಪ್ರಯಾಣದ ಸಮಯ, ಒಟ್ಟು ಖರ್ಚು, ರಾತ್ರಿಯ ಸುರಕ್ಷತೆ, ದೊಡ್ಡ ಆಸ್ಪತ್ರೆಗೆ ಕಳಿಸುವ ದಾರಿ ಎಂದು ಅಂಕ ಕೊಡಿ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಜಾಗಗಳ ಹೆಸರು ಮೇಜಿಗೆ ಬರುವ ಮುನ್ನವೇ ಬರೆದು ಸಹಿ ಹಾಕಿಸಿ. ಆಮೇಲೆ ತೂಕಗಳನ್ನು ಸ್ವಲ್ಪ ಅತ್ತಿತ್ತ ಮಾಡಿ ನೋಡಿ. ಆಗಲೂ ಅದೇ ಜಾಗ ಮುಂದಿದ್ದರೆ ಧೈರ್ಯವಾಗಿ ತೀರ್ಮಾನಿಸಬಹುದು. ಪ್ರತಿ ಸಲವೂ ಗೆಲ್ಲುವ ಜಾಗ ಬದಲಾದರೆ ಎರಡೂ ಹೆಚ್ಚುಕಡಿಮೆ ಸಮವೆಂದು ಒಪ್ಪಿ, ವಾಹನವಿಲ್ಲದವರಿಗೆ ಹತ್ತಿರವಾದದ್ದನ್ನು ಹಿಡಿಯಿರಿ.

ಸೋತ ಪಕ್ಷಕ್ಕೆ ಏನೂ ಇಲ್ಲ ಎಂದಾಗಬೇಕಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರು ಮಾತ್ರೆಗೆಂದು ತಿಂಗಳಿಗೊಮ್ಮೆ ಬರುತ್ತಾರೆ. ಗರ್ಭಿಣಿಗೆ ಕನಿಷ್ಠ 8 ಸಲ ತಪಾಸಣೆ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ಹೆರಿಗೆ ಮಾತ್ರ ಒಮ್ಮೆ. ಪದೇಪದೇ ಬೇಕಾಗುವ ಕೆಲಸಕ್ಕೆ ಡಾಕ್ಟರೂ ದೊಡ್ಡ ಕಟ್ಟಡವೂ ಬೇಡ. ಎರಡು ಕೋಣೆ, ಒಬ್ಬ ನರ್ಸ್, ಒಂದು ಬೀರು, ಕೈ ತೊಳೆಯುವ ನೀರು, ವಾರದಲ್ಲಿ ಗೊತ್ತಾದ ಎರಡು ದಿನ ಸಾಕು. ಹಳೆಯ ಕಟ್ಟಡ ಪೇಟೆಯಲ್ಲಿದ್ದರೆ ಅದರ ಮುಂದಿನ ಎರಡು ಕೋಣೆಗಳನ್ನೇ ಇದಕ್ಕೆ ಉಳಿಸಿಕೊಳ್ಳಬಹುದು. ಇದನ್ನು ಬಾಯಿಮಾತಿನ ಭರವಸೆಯಾಗಿ ಬಿಡದೆ ವಾರದ ಯಾವ ದಿನ, ಎಷ್ಟು ಗಂಟೆಗೆ, ಯಾರ ಸಂಬಳ ಯಾವ ಲೆಕ್ಕದಿಂದ ಎಂಬುದನ್ನು ಜಾಗದ ನಿರ್ಣಯ ಬರೆಯುವ ಅದೇ ಪುಟದಲ್ಲಿ ಬರೆಸಿ. ಹೊಸ ಕಟ್ಟಡದ ಬೀಗ ತೆರೆಯುವ ದಿನ ಹಳೆಯದಕ್ಕೆ ಬೀಗ ಹಾಕಿ ಕೀಲಿ ಒಯ್ಯಲು ಯಾರಾದರೂ ಬಂದೇ ಬರುತ್ತಾರೆ. ಅವರಿಗೆ ತೋರಿಸಲು ಆ ಪುಟ ಬೇಕಾಗುತ್ತದೆ.